ಮೈಲುತುತ್ತದ ತಾಮ್ರಕ್ಕೆ +2 ಎಲ್ಲಿಂದ ಬಂತು?

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯ ಪಿಯು ವಿದ್ಯಾರ್ಥಿನಿ. ಕಾಪರ್ ಸಲ್ಫೇಟ್‌ನಲ್ಲಿ ತಾಮ್ರದ ಉತ್ಕರ್ಷಣ ಸಂಖ್ಯೆ +2 ಎಂದು ನೋಟ್ಸ್‌ನಲ್ಲಿದೆ. ಆದರೆ ತಾಮ್ರದ್ದೂ ಗೊತ್ತಿಲ್ಲ, ಗಂಧಕದ್ದೂ ಗೊತ್ತಿಲ್ಲ. ಒಂದೇ ಸಮೀಕರಣ ಇಟ್ಟುಕೊಂಡು ಎರಡನ್ನೂ ಕಂಡುಹಿಡಿಯುವುದು ಹೇಗೆ?

ನಿಮಗೆ ಬಂದಿರುವ ಅನುಮಾನ ತುಂಬ ಸರಿಯಾದದ್ದು. ಉತ್ಕರ್ಷಣ ಸಂಖ್ಯೆ ಎಂದರೆ ಸಂಯುಕ್ತದಲ್ಲಿ ಒಂದು ಪರಮಾಣು ಎಷ್ಟು ಎಲೆಕ್ಟ್ರಾನ್ ಕೊಟ್ಟಿದೆ (+) ಅಥವಾ ಪಡೆದಿದೆ (−) ಎಂದು ಹಿಡಿಯುವ ಲೆಕ್ಕ. ಕಾಪರ್ ಸಲ್ಫೇಟ್, ಅಂದರೆ ಮೈಲುತುತ್ತ, CuSO₄: ಒಂದು ತಾಮ್ರ, ಒಂದು ಗಂಧಕ, ನಾಲ್ಕು ಆಮ್ಲಜನಕ. ನಾಲ್ಕು ಆಮ್ಲಜನಕಕ್ಕೆ ತಲಾ −2 ಹಾಕಿದರೆ −8. ಒಟ್ಟು ಸೊನ್ನೆಯಾಗಲು ತಾಮ್ರ, ಗಂಧಕ ಎರಡೂ ಸೇರಿ +8 ಆಗಬೇಕು. ಅದು 2 ಮತ್ತು 6 ಆಗಬಹುದು, 1 ಮತ್ತು 7, 4 ಮತ್ತು 4 ಕೂಡ ಆಗಬಹುದು. ಬರೀ ಕೂಡಿ ಕಳೆದರೆ ಇಲ್ಲಿಂದ ಮುಂದೆ ದಾರಿಯೇ ಇಲ್ಲ.

ದಾರಿ ಸಿಗುವುದು ಸಲ್ಫೇಟನ್ನು, ಅಂದರೆ ಒಂದು ಗಂಧಕ, ನಾಲ್ಕು ಆಮ್ಲಜನಕ ಸೇರಿದ ಗುಂಪನ್ನು, ಒಡೆಯದೆ ಇಡಿಯಾಗಿ ನೋಡಿದಾಗ. ಸಲ್ಫ್ಯೂರಿಕ್ ಆಮ್ಲ ನೆನಪಿಸಿಕೊಳ್ಳಿ. ಅಲ್ಲಿ ಒಂದು ಸಲ್ಫೇಟಿಗೆ ಎರಡು ಹೈಡ್ರೋಜನ್, ತಲಾ +1. ಹಾಗಾದರೆ ಇಡೀ ಸಲ್ಫೇಟಿನ ಆವೇಶ −2. ಮೈಲುತುತ್ತದಲ್ಲಿ ಅದೇ ಸಲ್ಫೇಟಿಗೆ ಜೊತೆಯಾಗಿರುವುದು ಒಂದೇ ತಾಮ್ರ, ಆದ್ದರಿಂದ ಅದು +2. ಗಂಧಕದ್ದೂ ಬೇಕೆಂದರೆ ಈಗ ಸಲ್ಫೇಟಿನ ಒಳಗೆ ಹೋಗಿ: −8ಕ್ಕೆ ಎಷ್ಟು ಕೂಡಿದರೆ −2? +6.

ಅಂಗಡಿಯಲ್ಲಿ ಸಿಗುವ ನೀಲಿ ಹರಳಿನಲ್ಲಿ ಐದು ನೀರಿನ ಅಣುಗಳೂ ಇರುತ್ತವೆ. ಅವುಗಳ ಆಮ್ಲಜನಕವನ್ನೂ ಸೇರಿಸಿ ಒಂಬತ್ತು ಎಂದು ಎಣಿಸಿ, ಹೈಡ್ರೋಜನ್ ಮರೆತು ಕಂಗಾಲಾದ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ನೀರಿನ ಮೊತ್ತ ಸೊನ್ನೆ, ಅದನ್ನು ಪಕ್ಕಕ್ಕಿಡಿ.

ಸೋಡಿಯಂ, ಪೊಟ್ಯಾಸಿಯಂ ಸಂಯುಕ್ತಗಳಲ್ಲಿ +1, ಮೆಗ್ನೀಸಿಯಂ, ಕ್ಯಾಲ್ಸಿಯಂ +2, ಅಲ್ಯೂಮಿನಿಯಂ +3. ಇವು ತೊಂದರೆ ಕೊಡುವುದಿಲ್ಲ. ಕೈಕೊಡುವುದು ಕೆಲವೊಮ್ಮೆ ಆಮ್ಲಜನಕವೇ. ಒಂದು ಬೇರಿಯಂ, ಎರಡು ಆಮ್ಲಜನಕ ಇರುವ ಸಂಯುಕ್ತದಲ್ಲಿ ಆಮ್ಲಜನಕಕ್ಕೆ −2 ಎಂದು ಹಾಕಿದರೆ ಬೇರಿಯಂ +4 ಎಂದು ಬರುತ್ತದೆ. ಬೇರಿಯಂ +2 ದಾಟುವುದಿಲ್ಲ. ಅಂದರೆ ಅದು ಪೆರಾಕ್ಸೈಡ್ (ಎರಡು ಆಮ್ಲಜನಕ ಒಂದಕ್ಕೊಂದು ಅಂಟಿಕೊಂಡಿರುವ ಸಂಯುಕ್ತ), ಅಲ್ಲಿ ಆಮ್ಲಜನಕ −1.

ಇನ್ನು ಈ ಅಂಕಿಗಳು ಕಣ್ಣಿಗೇ ಕಾಣುವ ಜಾಗ ನಮ್ಮ ತೋಟ. ಮಳೆ ಹಿಡಿಯುವ ಮೊದಲು ಮೆಣಸಿನ ಬಳ್ಳಿಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ ದ್ರಾವಣ) ಹೊಡೆಯುತ್ತಾರಲ್ಲ? ಶೇ 1ರ ದ್ರಾವಣಕ್ಕೆ 50 ಲೀಟರ್ ನೀರಲ್ಲಿ 1 ಕೆ.ಜಿ. ಮೈಲುತುತ್ತ, ಇನ್ನೊಂದು 50 ಲೀಟರಲ್ಲಿ 1 ಕೆ.ಜಿ. ಸುಣ್ಣ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕಲಕುತ್ತಾರೆ. ಆಮೇಲೆ ಕತ್ತಿ ಅದ್ದಿ ನೋಡುವುದು. ಚಿಕ್ಕವಳಿದ್ದಾಗ ಅಪ್ಪ ಆ ಕೆಲಸ ನನಗೇ ಬಿಡುತ್ತಿದ್ದರು. ಉಜ್ಜಿ ತೊಳೆದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಮುಳುಗಿಸಿ ಎತ್ತಿದರೆ, ಸುಣ್ಣ ಸಾಲದ ದಿನ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿರುತ್ತಿತ್ತು. “ಇನ್ನೂ ಸುಣ್ಣ ಬೇಕು ಅಪ್ಪ” ಎಂದು ಕೂಗುತ್ತಿದ್ದೆ.

ಅಲ್ಲಿ ನಡೆದದ್ದು ಇಷ್ಟು: ಸುಣ್ಣಕ್ಕೆ ಸಿಗದೆ ನೀರಲ್ಲಿ ಕರಗಿಯೇ ಉಳಿದ ತಾಮ್ರ ಎರಡು ಎಲೆಕ್ಟ್ರಾನ್ ಪಡೆದು +2ರಿಂದ 0ಗೆ ಇಳಿಯಿತು, ಅವನ್ನು ಕೊಟ್ಟ ಕಬ್ಬಿಣ 0ಯಿಂದ +2ಕ್ಕೆ ಏರಿತು. ಇಳಿದದ್ದು ಅಪಕರ್ಷಣ, ಏರಿದ್ದು ಉತ್ಕರ್ಷಣ. ಅದಕ್ಕೆ ಮೊದಲು ಸುಣ್ಣ ಬೆರೆತಾಗ ತಿಳಿನೀಲಿ ನೀರು ಗಟ್ಟಿ ಆಕಾಶನೀಲಿಯಾಗುತ್ತದೆ, ನೋಡಲು ಅದೇ ದೊಡ್ಡ ಬದಲಾವಣೆ. ಆದರೆ ಅಲ್ಲಿ ತಾಮ್ರ ಮೊದಲೂ +2, ಆಮೇಲೂ +2. ಬಣ್ಣ ನೋಡಿ ಉತ್ಕರ್ಷಣ ಎಂದು ಬರೆಯಬೇಡಿ, ಸಂಖ್ಯೆ ಬದಲಾಯಿತೇ ನೋಡಿ.

ಕಬ್ಬಿಣದ ಲೆಕ್ಕ ಒಂದನ್ನು ನೀವೇ ಮಾಡಿ ನೋಡಿ. ಮ್ಯಾಗ್ನಟೈಟ್ ಅದಿರಿನಲ್ಲಿ ಮೂರು ಕಬ್ಬಿಣ, ನಾಲ್ಕು ಆಮ್ಲಜನಕ. ಉತ್ತರ 8/3 ಬಂದಾಗ ಗಾಬರಿಯಾಗಿ ಅಳಿಸಬೇಡಿ. ಅದು ಸರಾಸರಿ: ಒಂದು ಕಬ್ಬಿಣ +2, ಉಳಿದೆರಡು +3.