ಶಾಂತಿಗೆಂದು ಹೋದ ಸೇನೆ ಜಾಫ್ನಾದಲ್ಲಿ ಯುದ್ಧಕ್ಕೆ ನಿಂತದ್ದು ಹೇಗೆ?

ಶ್ರೀಲಂಕಾ ತಮಿಳರ ಸುದ್ದಿ ಬಂದಾಗಲೆಲ್ಲ 13ನೇ ತಿದ್ದುಪಡಿ (ಪ್ರಾಂತ್ಯಗಳಿಗೆ ಅಧಿಕಾರ ಹಂಚಲು ಅಲ್ಲಿನ ಸಂವಿಧಾನಕ್ಕೆ ಮಾಡಿದ ಬದಲಾವಣೆ) ಅನ್ನೋ ಮಾತು ಕೇಳುತ್ತೇವೆ, ಅಲ್ವಾ? ಅದರ ಬೇರು ಇರುವುದು 1987ರಲ್ಲಿ.

ಅದಕ್ಕೂ ಹಿಂದಿನದು ಚುಟುಕಾಗಿ: 1948ರಲ್ಲಿ ಟೀ ತೋಟದ ತಮಿಳರ ಪೌರತ್ವ ಹೋಯಿತು, 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆಯಾಯಿತು, 1981ರಲ್ಲಿ ಉತ್ತರದ ತಮಿಳರ ಊರು ಜಾಫ್ನಾದ ಗ್ರಂಥಾಲಯಕ್ಕೆ ಬೆಂಕಿ ಬಿತ್ತು, 1983ರ ಜುಲೈನಲ್ಲಿ ಕೊಲಂಬೊದ ಬೀದಿಗಳಲ್ಲಿ ತಮಿಳರನ್ನು ಹುಡುಕಿ ಕೊಂದರು. ಆಮೇಲೆ ಬಂದೂಕು ಹಿಡಿದ ತಮಿಳು ಹುಡುಗರಿಗೆ ತರಬೇತಿ ಸಿಕ್ಕಿದ್ದು ಭಾರತದಲ್ಲೇ. ಇದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ.

1987ರಲ್ಲಿ ಲಂಕಾ ಸೇನೆ ಜಾಫ್ನಾವನ್ನು ಮುತ್ತಿತ್ತು. ರಾಮೇಶ್ವರದಿಂದ ಹೊರಟ ಪರಿಹಾರದ ದೋಣಿಗಳನ್ನು ಅಲ್ಲಿನ ನೌಕಾಪಡೆ ವಾಪಸ್ ಕಳಿಸಿತು. ಮರುದಿನ, ಜೂನ್ 4ರಂದು, ನಮ್ಮ ಬೆಂಗಳೂರಿನಿಂದ ಹಾರಿದ ಐದು ಆಂಟೊನೊವ್ ವಿಮಾನಗಳು ಜಾಫ್ನಾದ ಮೇಲೆ ಆಹಾರ, ಔಷಧಿ ಇಳಿಸಿ ಬಂದವು. ಜುಲೈ 29ಕ್ಕೆ ರಾಜೀವ್ ಗಾಂಧಿ ಮತ್ತು ಲಂಕಾದ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು: ತಮಿಳರ ಪ್ರಾಂತ್ಯಗಳಿಗೆ ಅಧಿಕಾರ ಸಿಗಬೇಕು, ಬಂಡುಕೋರರು ಶಸ್ತ್ರ ಒಪ್ಪಿಸಬೇಕು, ಶಾಂತಿ ಕಾಯಲು ಭಾರತದ ಸೇನೆ ಬರಬೇಕು. ಪ್ರತ್ಯೇಕ ತಮಿಳು ದೇಶಕ್ಕಾಗಿ ಹೋರಾಡುತ್ತಿದ್ದ ಬಂಡುಕೋರ ಸಂಘಟನೆ ಎಲ್‌ಟಿಟಿಇಯ ಸಹಿ ಅದರಲ್ಲಿ ಇರಲಿಲ್ಲ. ಜಾಫ್ನಾದ ಜನರನ್ನಂತೂ ಯಾರೂ ಕೇಳಲಿಲ್ಲ. ಆದರೂ ಆ ಜನ ಬಂದಿಳಿದ ಭಾರತೀಯ ಸೈನಿಕರಿಗೆ ಹೂಮಾಲೆ ಹಾಕಿದರು. ಪಾಪ, ಇನ್ನು ನೆಮ್ಮದಿಯಾಗಿ ನಿದ್ದೆ ಮಾಡಬಹುದು ಅಂದುಕೊಂಡಿದ್ದರು.

ಆ ನಂಬಿಕೆ ಎರಡೇ ತಿಂಗಳು ಉಳಿಯಿತು. ನಲ್ಲೂರು ದೇವಸ್ಥಾನದ ಬಳಿ ನೀರನ್ನೂ ಮುಟ್ಟದೆ ಉಪವಾಸ ಕೂತಿದ್ದ ಎಲ್‌ಟಿಟಿಇಯ ತಿಲೀಪನ್ ಸೆಪ್ಟೆಂಬರ್ 26ರಂದು ತೀರಿಕೊಂಡ. ಅಕ್ಟೋಬರ್‌ನಲ್ಲಿ ಶಸ್ತ್ರ ಬಿಡಲೊಪ್ಪದ ಎಲ್‌ಟಿಟಿಇಗೂ ಭಾರತದ ಸೇನೆಗೂ ಯುದ್ಧವೇ ಶುರುವಾಯಿತು. 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರ್‌ಗಳು ಸೈನಿಕರನ್ನು ಇಳಿಸಿದವು. ಕೆಳಗೆ ಗುಂಡಿನ ಮಳೆ, ಮತ್ತೆ ಹೆಲಿಕಾಪ್ಟರ್ ಬರಲು ಆಗಲಿಲ್ಲ. ಸಿಖ್ ಪದಾತಿದಳದ ಸುಮಾರು 30 ಜನರಲ್ಲಿ ಉಳಿದದ್ದು ಒಬ್ಬನೇ. ಹತ್ತು ದಿನದ ನಂತರ, ದೀಪಾವಳಿಯ ದಿನ, ಸೈನಿಕರು ಜಾಫ್ನಾ ಆಸ್ಪತ್ರೆಯೊಳಗೆ ನುಗ್ಗಿದರು. ರೋಗಿಗಳು, ಡಾಕ್ಟರ್‌ಗಳು, ನರ್ಸ್‌ಗಳು ಸತ್ತರು. ಗುಂಡು ಎರಡೂ ಕಡೆಯಿಂದ ಹಾರಿತ್ತು ಅಂತ ಸೇನೆ ಹೇಳಿತು, ಹೆಣಗಳ ನಡುವೆ ಸತ್ತಂತೆ ಮಲಗಿ ಬದುಕಿದವರು ಹಾಗೆ ಹೇಳುವುದಿಲ್ಲ.

ಆಮೇಲಿನದು ಬೇಗ ಬೇಗ ನಡೆಯಿತು. ದಕ್ಷಿಣದಲ್ಲಿ ಸಿಂಹಳ ಯುವಕರೂ ಭಾರತದ ಸೇನೆ ಬೇಡ ಅಂತ ದಂಗೆ ಎದ್ದರು, ಹೊಸ ಅಧ್ಯಕ್ಷ ಪ್ರೇಮದಾಸ ಹೊರಡಿ ಅಂದರು. ಸುಮಾರು 1,200 ಸೈನಿಕರನ್ನು ಕಳೆದುಕೊಂಡು, 1990ರ ಮಾರ್ಚ್ 24ಕ್ಕೆ ಕೊನೆಯ ತುಕಡಿ ಹಡಗು ಹತ್ತಿತು. ಮರುವರ್ಷ ಶ್ರೀಪೆರಂಬದೂರಿನಲ್ಲಿ ಎಲ್‌ಟಿಟಿಇಯಿಂದ ರಾಜೀವ್ ಹತ್ಯೆಯಾಯಿತು.

ಒಪ್ಪಂದದಿಂದ ಉಳಿದದ್ದು 13ನೇ ತಿದ್ದುಪಡಿಯ ಪ್ರಾಂತೀಯ ಮಂಡಳಿಗಳು. ಉತ್ತರ ಪ್ರಾಂತ್ಯದ ಜನ ತಮ್ಮದೇ ಮಂಡಳಿಗೆ ಮೊದಲ ಸಲ ಮತ ಹಾಕಿದ್ದು 2013ರಲ್ಲಿ. 2018ಕ್ಕೆ ಅದರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ.