ಬ್ಯಾಡಗಿ ಮಾರುವುದು ಮೆಣಸಿನಕಾಯಿಯನ್ನಷ್ಟೇ ಅಲ್ಲ

ಫೆಬ್ರುವರಿ, ಮಾರ್ಚ್‌ನ ಸೋಮವಾರ, ಗುರುವಾರಗಳಂದು ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯತ್ತ ತಿರುಗಿದರೆ ಚೀಲ ಹೇರಿದ ಲಾರಿಗಳ ಸಾಲು ಎದುರಾಗುತ್ತದೆ. ಊರು ಕಾಣುವ ಮೊದಲೇ ಅದರ ಘಾಟು ಮೂಗಿಗೆ ಹತ್ತುತ್ತದೆ.

ಹಾವೇರಿ ಜಿಲ್ಲೆಯ ದಲಾಲಿ ಅಂಗಡಿಗಳ ಲೆಕ್ಕಪತ್ರ ನೋಡುವುದು ನನ್ನ ವೃತ್ತಿ. ಖಾತೆ ಪುಸ್ತಕದಲ್ಲಿ ರೈತರ ಹೆಸರಿನ ಜೊತೆ ಅವರ ಊರೂ ಇರುತ್ತದೆ. ಅಲ್ಲಿ ಸಾಲುಸಾಲಾಗಿ ಸಿಗುವುದು ಬಳ್ಳಾರಿ, ಸಿರುಗುಪ್ಪ, ರಾಯಚೂರು, ಕರ್ನೂಲು ಕಡೆಯ ಹಳ್ಳಿಗಳು. ಬ್ಯಾಡಗಿ ತಾಲ್ಲೂಕಿನ ಹಳ್ಳಿಗಳನ್ನು ಹುಡುಕಿ ತೆಗೆಯಬೇಕು. ಎಲೆ ಮುಟುರು ರೋಗ, ಕೈಕೊಡುವ ಮಳೆ, ಬಿಡಿಸಲು ಬೇಕಾಗುವ ಆಳು ಇವೆಲ್ಲದಕ್ಕೆ ಬೇಸತ್ತು ಇಲ್ಲಿನ ಹೊಲಗಳು ಎಂದೋ ಗೋವಿನಜೋಳಕ್ಕೆ ತಿರುಗಿವೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ, ಈ ಸೀಮೆಯದೇ ಬೆಳೆ ಎನ್ನುವ ಭೌಗೋಳಿಕ ಗುರುತು (ಜಿಐ) ಸಿಕ್ಕಿತು. ಆದರೂ ಹೆಸರು ಇಲ್ಲಿ ಉಳಿದು, ಬೆಳೆ ಮೂಡಣಕ್ಕೆ ಹೋಗಿದೆ.

ಹಾಗಾದರೆ ಬಳ್ಳಾರಿ ಸೀಮೆಯ ರೈತ ಸುಮಾರು 200 ಕಿ.ಮೀ. ಬಾಡಿಗೆ ಕೊಟ್ಟು ಇಲ್ಲಿಗೇ ಏಕೆ ಬರಬೇಕು? ಒಮ್ಮೆ ಅಂಗಡಿಯ ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ. "ಇಲ್ಲಿ ಕಾಯಿ ನೋಡೋ ಕಣ್ಣು ಐತ್ರಿ ಸಾಹೇಬ್ರ, ರೊಕ್ಕಾನೂ ಕೈಗೆ ಲಗೂನ ಬರ್ತೈತಿ" ಅಂದರು. ಇಡೀ ಪೇಟೆಯ ಅರ್ಥಶಾಸ್ತ್ರ ಅಷ್ಟರಲ್ಲೇ ಇತ್ತು.

ಕಾಯಿ ನೋಡುವ ಕಣ್ಣು ಸಣ್ಣ ಮಾತಲ್ಲ. ಬ್ಯಾಡಗಿ ಕಾಯಿಯಲ್ಲೇ ಎರಡು ಬಗೆ. ಕಡ್ಡಿ ಉದ್ದ, ಸುಕ್ಕು. ಡಬ್ಬಿ ಗಿಡ್ಡ, ದಪ್ಪ. ಗುಂಟೂರು ಖಾರದ ಲೆಕ್ಕವೇ ಬೇರೆ. ಬ್ಯಾಡಗಿ ಕಾಯಿಗೆ ಬೆಲೆ ತರುವುದು ಖಾರಕ್ಕಿಂತ ಬಣ್ಣ. ಸಾಂಬಾರ ಪುಡಿಯ ಕಂಪನಿಗಳ ಜೊತೆಗೆ, ಮೆಣಸಿನಕಾಯಿಯಿಂದ ಬಣ್ಣದ ಸತ್ವ ತೆಗೆಯುವ ಓಲಿಯೊರೆಸಿನ್ ಕಾರ್ಖಾನೆಗಳೂ ಕೊಳ್ಳುತ್ತವೆ. ಬೆಳಿಗ್ಗೆ ರೈತರ ಮಾಲಿನ ರಾಶಿ (ಲಾಟ್) ಇಟ್ಟ ಮೇಲೆ ಖರೀದಿದಾರರು ಕಾಯಿ ಮುರಿದು, ಬೆರಳಲ್ಲಿ ತಿಕ್ಕಿ, ತೇವ ಎಷ್ಟಿದೆ ಎಂದು ಅಂದಾಜು ಮಾಡಿ ಇ–ಟೆಂಡರ್ ಹಾಕುತ್ತಾರೆ. ಬಂದ ದರ ಒಪ್ಪದಿದ್ದರೆ ರೈತ ಮಾಲು ಕೊಡಬೇಕೆಂದೇನಿಲ್ಲ. ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು ಕಾಯಬಹುದು. ಆದರೆ ಸಾಲಗಾರನಿಗೆ ಕಾಯುವ ತಾಕತ್ತು ಎಲ್ಲಿಂದ ಬರಬೇಕು? ಬೀಜ, ಗೊಬ್ಬರಕ್ಕೆ ದಲಾಲರಿಂದ ಮುಂಗಡ ತಂದವನ ಕೈ ಮೊದಲೇ ಕಟ್ಟಿರುತ್ತದೆ. ಹೊರಗಿನಿಂದ ಮುಕ್ತವಾಗಿ ಕಾಣುವ ಪೇಟೆಯೊಳಗೆ ಈ ಉದ್ದರಿಯ ಹಗ್ಗ ಎಷ್ಟು ಉದ್ದವಿದೆ ಎಂಬುದು ಖಾತೆ ತೆರೆದವರಿಗೇ ಗೊತ್ತು.

2024ರ ಮಾರ್ಚ್‌ನಲ್ಲಿ ದರ ಕುಸಿದಾಗ ರೊಚ್ಚಿಗೆದ್ದವರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ದೂರದಿಂದ ಲಾರಿ ಬಾಡಿಗೆ ಕೊಟ್ಟು ಬಂದವನಿಗೆ ಮಾಲು ವಾಪಸು ಒಯ್ಯುವುದೂ ನಷ್ಟ, ಮಾರುವುದೂ ನಷ್ಟ ಎನ್ನುವ ಇಕ್ಕಟ್ಟನ್ನು ಆಡಳಿತ ಆ ದಿನಕ್ಕೆ ಮುಂಚೆಯೇ ಅರಿಯಬೇಕಿತ್ತು.

ಒಂದೇ ಜಿಲ್ಲೆಯಾದರೂ ಪಕ್ಕದ ಊರುಗಳ ಜಾಯಮಾನ ಬೇರೆ. ರಾಣೆಬೆನ್ನೂರು ಒಂದೇ ಬೆಳೆಗೆ ಕಟ್ಟುಬಿದ್ದಿಲ್ಲ. ಹತ್ತಿ, ಗೋವಿನಜೋಳದ ಜೊತೆ ಸುತ್ತಲ ಹಳ್ಳಿಗಳ ತರಕಾರಿ ಬೀಜೋತ್ಪಾದನೆ ಅದಕ್ಕೆ ಆಸರೆ. ಒಂದು ಬೆಳೆ ಸೋತ ವರ್ಷ ಇನ್ನೊಂದು ಅಂಗಡಿಗಳ ಬಾಗಿಲು ತೆರೆದಿಡುತ್ತದೆ. ಹಾವೇರಿ ಏಲಕ್ಕಿ ಹಾರಕ್ಕೆ ಹೆಸರಾದ ಊರು, ಏಲಕ್ಕಿ ಬೆಳೆಯದಿದ್ದರೂ! 1997ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೆ ಅಲ್ಲಿಗೆ ಸಂಬಳದ ದುಡ್ಡೂ ಬಂತು. ತಿಂಗಳ ಮೊದಲ ವಾರ ಅಲ್ಲಿನ ಬಟ್ಟೆ ಅಂಗಡಿ ತುಂಬಿದರೆ, ಬ್ಯಾಡಗಿಯ ಬಟ್ಟೆ ಅಂಗಡಿ ಟೆಂಡರಿನ ಮರುದಿನ ತುಂಬುತ್ತದೆ. ಹೊಸ ಅಂಗಡಿಯ ಸಾಲಕ್ಕೆ ಸಲಹೆ ಕೇಳಿಕೊಂಡು ಬರುವ ಹುಡುಗರಿಗೆ ಇದನ್ನೇ ಹೇಳುತ್ತೇನೆ: ಬ್ಯಾಡಗಿಯಲ್ಲಾದರೆ ಹನ್ನೆರಡೂ ತಿಂಗಳು ಒಂದೇ ಕಂತು ಬೇಡ, ಮಳೆಗಾಲದಲ್ಲಿ ಕಟ್ಟಲಾಗುವುದಿಲ್ಲ.

ನನ್ನ ಲೆಕ್ಕದಲ್ಲಿ ಕಾಣದ ಸಾಲೊಂದಿದೆ. ಪೇಟೆಯ ಗೋದಾಮುಗಳಲ್ಲಿ ಹೆಣ್ಣುಮಕ್ಕಳು ದಿನವಿಡೀ ಕುಕ್ಕರಗಾಲಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಮೂಗಿಗೆ ಸೀರೆ ಸೆರಗು, ಬೆರಳಲ್ಲಿ ಉರಿ. ಇಡೀ ಋತುವಿನಲ್ಲಿ ಕಿರಾಣಿ ಅಂಗಡಿಯ ಉದ್ದರಿ ತೀರುವುದು ಈ ಕೂಲಿಯಿಂದ. ಪುಸ್ತಕದಲ್ಲಿ ಮಾತ್ರ "ಕೂಲಿ ವೆಚ್ಚ" ಎಂದು ಒಂದೇ ಒಟ್ಟು ಮೊತ್ತ. ಹೆಸರಿಲ್ಲ, ಎಷ್ಟು ದಿನ ದುಡಿದರೆಂಬುದಿಲ್ಲ. ನಾಳೆ ಭವಿಷ್ಯನಿಧಿಗೋ ವಿಮೆಗೋ ದಾಖಲೆ ಕೇಳಿದರೆ ಅವರ ಬಳಿ ತೋರಿಸಲು ಏನೂ ಇರುವುದಿಲ್ಲ. ಈ ವರ್ಷ ನನ್ನ ಬಳಿ ಬರುವ ಅಂಗಡಿಯವರಿಗೆಲ್ಲ ಒಂದೇ ಕೋರಿಕೆ ಇಟ್ಟಿದ್ದೇನೆ: ತೊಟ್ಟು ಬಿಡಿಸುವವರ ಹೆಸರು, ದಿನ, ಪಡೆದ ಕೂಲಿ ಬರೆಯಲು ಬೇರೆಯೇ ಒಂದು ಪುಸ್ತಕ ಇಡಿ. ಇಬ್ಬರು ಇಟ್ಟಿದ್ದಾರೆ.