ಐದು ಹ್ಯಾಟೆಗೆ ಎರಡು ಹುಂಜ: ಬೆನ್ನು ಬೋಳಾಯಿತು, ಮರಿ ಮಾತ್ರ ಹೆಚ್ಚಲಿಲ್ಲ

ಪ್ರಶ್ನೆ: ನಾವು ಗದಗ ಕಡೆಯವರು, ಗೋವಾದ ಪೋಂಡಾದಲ್ಲಿದ್ದೇವೆ. ಹಿತ್ತಲಲ್ಲಿ ಐದು ಜವಾರಿ ಹ್ಯಾಟೆ, ಎರಡು ಹುಂಜ ಇವೆ. ಒಂದು ಗಿರಿರಾಜ ತಳಿಯದು, ಇನ್ನೊಂದು ಆರು ತಿಂಗಳ ಜವಾರಿ ಹುಂಜ. ಇವೆರಡೂ ಇಡೀ ದಿನ ಹ್ಯಾಟೆಗಳ ಬೆನ್ನು ಹತ್ತಿರುತ್ತವೆ. ಎರಡು ಹ್ಯಾಟೆಗಳ ಬೆನ್ನು ಬೋಳಾಗಿದೆ, ಗೂಡಿನಿಂದ ಇಳಿಯಲೂ ಒಲ್ಲವು. ಇಷ್ಟಾದರೂ ಕಾವಿಗಿಟ್ಟ 9 ಮೊಟ್ಟೆಗಳಲ್ಲಿ ಮರಿಯಾದದ್ದು ಮೂರೇ. ಹುಂಜದಲ್ಲೇ ದೋಷವಿದೆಯೇ?

ಉತ್ತರ: ಅಕ್ಕಾ, ಮೊದಲು ಆ ಎರಡು ಹ್ಯಾಟೆಗಳನ್ನು ಇವತ್ತೇ ಬೇರೆ ಮಾಡಿ. ರೆಕ್ಕೆ ಎತ್ತಿ ಅಡಿಯಲ್ಲೂ ನೋಡಿ. ಹುಂಜದ ಕಾಲಿನ ಮುಳ್ಳು ಸೀಳುವುದು ಹೆಚ್ಚಾಗಿ ಅಲ್ಲೇ, ಪುಕ್ಕದ ಮರೆಯಲ್ಲಿ. ನಮ್ಮ ಮನೆಯ ಕಪ್ಪು ಹ್ಯಾಟೆಗೆ ಹೀಗೇ ಆಗಿತ್ತು. ಮಂಕಾಗಿ ಕೂತಿದೆ, ಮಳೆಗಾಲದ ಥಂಡಿ ಇರಬೇಕು ಅಂದುಕೊಂಡೆ. ಎತ್ತಿಕೊಂಡಾಗ ರೆಕ್ಕೆಯ ಬುಡದಲ್ಲಿ ಬೆರಳುದ್ದದ ಗಾಯ ಬಾಯಿ ಬಿಟ್ಟಿತ್ತು. ಎರಡು ದಿನ ಮೊದಲೇ ಎತ್ತಿ ನೋಡಬೇಕಿತ್ತು ಎಂದು ಈಗಲೂ ಸಂಕಟವಾಗುತ್ತದೆ. ಗಾಯ ಆಳವಾಗಿದ್ದರೆ ಪಶುವೈದ್ಯರಿಗೆ ತೋರಿಸಿ.

ಇನ್ನು ನಿಮ್ಮ ಪ್ರಶ್ನೆ. ದೋಷ ಇರುವುದು ಲೆಕ್ಕದಲ್ಲಿ. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ಹ್ಯಾಟೆಯನ್ನು ಕೂಡುವಾಗ ಹುಂಜ ಕೊಕ್ಕಿನಿಂದ ಕತ್ತಿನ ಪುಕ್ಕ ಕಚ್ಚಿ, ಎರಡೂ ಕಾಲು ಬೆನ್ನ ಮೇಲಿಟ್ಟು ನಿಲ್ಲುತ್ತದೆ. ಹ್ಯಾಟೆ ಬಾಲ ಸರಿಸಿದಾಗ ಇಬ್ಬರ ಗುದದ್ವಾರ ಒಂದಕ್ಕೊಂದು ತಾಗಬೇಕು, ಅಷ್ಟೇ. ಕೆಲವೇ ಕ್ಷಣದ ಕೆಲಸ. ಒಂದು ಹುಂಜ ಹತ್ತಿದಾಗ ಇನ್ನೊಂದು ಓಡಿಬಂದು ಕೆಡವಿದರೆ ಬೆನ್ನು ಹರಿಯುತ್ತದೆ, ಬೀಜ ಸೇರುವುದಿಲ್ಲ. ಹುಂಜ ಹೆಚ್ಚಿದಷ್ಟೂ ಮರಿ ಹೆಚ್ಚು ಎಂಬ ನಂಬಿಕೆ ಸಣ್ಣ ಹಿಂಡಿನಲ್ಲಿ ತಿರುವುಮುರುವಾಗುವುದು ಹೀಗೆ.

ಯಾವುದನ್ನು ಇಟ್ಟುಕೊಳ್ಳುವುದು? ಒಂದು ಬೆಳಿಗ್ಗೆ ಕೂತು ನೋಡಿ. ಒಳ್ಳೆಯ ಹುಂಜ ಹುಳ ಸಿಕ್ಕರೆ ತಾನು ನುಂಗುವುದಿಲ್ಲ. ಕೊಕ್ಕಿನಲ್ಲಿ ಎತ್ತಿ, ಕೆಳಗೆ ಹಾಕಿ, ಮತ್ತೆ ಎತ್ತಿ, ಕುಕ್ ಕುಕ್ ಎಂದು ಹ್ಯಾಟೆಯನ್ನು ಕರೆಯುತ್ತದೆ. ಒಂದು ರೆಕ್ಕೆ ನೆಲಕ್ಕಿಳಿಸಿ ಅಡ್ಡಡ್ಡ ಹೆಜ್ಜೆ ಹಾಕುತ್ತಾ ಸುತ್ತು ಬರುತ್ತದೆ. ಹ್ಯಾಟೆ ಒಪ್ಪಿದರೆ ತಾನೇ ಕುಕ್ಕರಿಸುತ್ತದೆ. ಐದಾರು ತಿಂಗಳ ಎಳೆ ಹುಂಜಕ್ಕೆ ಮೈಯಲ್ಲಿ ಆವೇಶ ಮಾತ್ರ ಬಂದಿರುತ್ತದೆ, ಈ ನಯ ಬಂದಿರುವುದಿಲ್ಲ. ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತದೆ. ವರ್ಷ ತುಂಬುವ ಹೊತ್ತಿಗೆ ಬಹಳಷ್ಟು ಸುಧಾರಿಸುತ್ತವೆ. ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಭಾರಿ ಮೈಕಟ್ಟಿನ ತಳಿ. ಅದರ ತೂಕ ಸಣ್ಣ ಜವಾರಿ ಹ್ಯಾಟೆಯ ಬೆನ್ನಿಗೆ ಹೊರೆ. ನಾನಾದರೆ ಎಳೆ ಜವಾರಿಯನ್ನೇ ಉಳಿಸಿಕೊಂಡು, ಇನ್ನೂ ಮೂರ್ನಾಲ್ಕು ಹ್ಯಾಟೆ ತರುತ್ತಿದ್ದೆ.

ಉಳಿಸಿಕೊಂಡ ಹುಂಜವೂ ಪ್ರತಿದಿನ ಹ್ಯಾಟೆಗಳ ಜೊತೆಗಿರಬೇಕಿಲ್ಲ. ಇದು ಬಹಳ ಜನರಿಗೆ ತಿಳಿಯದ ವಿಷಯ. ಹ್ಯಾಟೆಯ ಹೊಟ್ಟೆಯೊಳಗೆ ಬೀಜ ಕಾಪಿಡುವ ಸಣ್ಣ ನಾಳಗಳಿವೆ. ಒಮ್ಮೆ ಕೂಡಿದರೆ ಸುಮಾರು 10ರಿಂದ 14 ದಿನ ಮರಿಯಾಗುವ ಮೊಟ್ಟೆ ಬರಬಹುದು. ವಾರದಲ್ಲಿ ಎರಡು ಮೂರು ದಿನ ಬಿಟ್ಟು, ಉಳಿದ ದಿನ ಜಾಲರಿಯ ಆಚೆ ಇಟ್ಟರೂ ನಡೆಯುತ್ತದೆ. ತಿನ್ನುವ ಮೊಟ್ಟೆಗಂತೂ ಹುಂಜವೇ ಬೇಕಿಲ್ಲ.

ಬೆನ್ನಿಗೆ ಹಳೆ ಜೀನ್ಸ್ ಬಟ್ಟೆಯ ತುಂಡು ಹೊಲಿದು, ಎರಡು ರೆಕ್ಕೆಗೂ ಇಲಾಸ್ಟಿಕ್ ಕುಣಿಕೆ ಹಾಕಿ ತೊಡಿಸಬಹುದು. ಗಾಯ ಮಾಯ್ದ ಮೇಲೆ ಮಾತ್ರ. ಗೋವಾದ ಮಳೆಯಲ್ಲಿ ಬಟ್ಟೆ ಒದ್ದೆಯಾದರೆ ಕೂಡಲೇ ತೆಗೆಯಿರಿ, ಅಡಿಯಲ್ಲಿ ಹೇನಾಗುತ್ತದೆ. ಬುಡಸಮೇತ ಕಿತ್ತ ಪುಕ್ಕ ಕೆಲವು ವಾರದಲ್ಲಿ ಬರುತ್ತದೆ. ಮುರಿದು ಬುಡ ಉಳಿದಿದ್ದರೆ ಮುಂದಿನ ಸಲ ಪುಕ್ಕ ಉದುರಿಸುವವರೆಗೆ ಕಾಯಬೇಕು. ಹುಂಜದ ಮುಳ್ಳಿನ ತುದಿಯನ್ನಷ್ಟೇ ಅರದಿಂದ ಉಜ್ಜಿ ಮೊಂಡು ಮಾಡಿ. ಒಳಗೆ ಎಲುಬು, ರಕ್ತ ಇರುತ್ತದೆ.

ಆ ಆರು ಮೊಟ್ಟೆಗಳಿಗೆ ಏನಾಯಿತು ಎಂದು ಈಗ ತಿಳಿಯದು. ಮುಂದಿನ ಸಲ ವಾರದೊಳಗಿನ ಮೊಟ್ಟೆಗಳನ್ನೇ ಕಾವಿಗಿಡಿ. ಏಳನೆಯ ದಿನ ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚಿನ ಮೇಲೆ ಒಂದೊಂದೇ ಮೊಟ್ಟೆ ಹಿಡಿಯಿರಿ. ಜೇಡರ ಬಲೆಯಂತೆ ಕೆಂಪು ನರ ಕಂಡರೆ ಹುಂಜ ತನ್ನ ಕೆಲಸ ಮಾಡಿದೆ. ಆಮೇಲೂ ಮರಿ ಬರದಿದ್ದರೆ ಕಾವು, ತೇವದ ಕಡೆ ನೋಡಬೇಕು. ಪೂರ್ತಿ ತಿಳಿಯಾಗಿ ಹೊಳೆದರೆ ಬಹುಮಟ್ಟಿಗೆ ಬೀಜ ಸೇರಿಲ್ಲ ಎಂದರ್ಥ.